ಓಹಾಲಾ... ಇನ್ನೊಂದು ಸಲ!

ಬಾಗಿಲಿನ ಹಿಡಿಕೆ ಅವಳ ಕೈಗೇ ಕಿತ್ತುಕೊಂಡು ಬಂತು!

ಅವಳು ಒಮ್ಮೆ ಹಿಡಿಕೆಯನ್ನು ನೋಡಿದಳು, ಒಮ್ಮೆ ಬಾಗಿಲನ್ನು ನೋಡಿದಳು. ಅಂಗೈ ಅಗಲದಷ್ಟು ದಪ್ಪದ ಬಾಗಿಲು. ಸುತ್ತಲೂ ಸದ್ದು ನುಂಗುವ ಬೂದು ಸ್ಪಂಜಿನ ಗೋಡೆಗಳು. ಎದುರಿಗೆ ಒಂದು ಗಾಜು. ಗಾಜಿನಾಚೆ ಒಬ್ಬ ಗಂಡಸು ಹೆಡ್‌ಫೋನ್ ಹಾಕಿಕೊಂಡು, ಯಾವುದೋ ಮೀಟರಿನ ಮುಳ್ಳನ್ನು ತಪಸ್ಸಿಗೆ ಕುಳಿತವನಂತೆ ನೋಡುತ್ತಿದ್ದ.

ಅವಳು ಗಾಜು ಬಡಿದಳು. ಕೈ ಬೀಸಿದಳು. ಊಹೂಂ, ಅವನು ತಲೆಯೇ ಎತ್ತಲಿಲ್ಲ!

'ಅಯ್ಯೋ ದೇವರೇ... ಕೆಲಸಕ್ಕೆ ಬಂದ ಮೊದಲ ದಿನವೇ ಹೀಗಾಗಬೇಕಾ?'

ಉಸಿರು ಕಟ್ಟಿದಂತಾಯಿತು. ಆಗ ಎದುರಿಗಿದ್ದ ಮೈಕ್ ಕಣ್ಣಿಗೆ ಬಿತ್ತು. ಅದರ ಹತ್ತಿರ ಬಾಯಿಟ್ಟು ಮೆಲ್ಲಗೆ ಶುರು ಮಾಡಿದಳು.

"ಸಾರ್... ತಪ್ಪು ತಿಳ್ಕೋಬೇಡಿ... ನಿಮಗೆ ಬಿಡುವಿದ್ರೆ... ಸಾಧ್ಯ ಆದ್ರೆ... ಈ ಬಾಗಿಲು ಸ್ವಲ್ಪ..."

ಅವನು ಬೆಚ್ಚಿ ತಲೆ ಎತ್ತಿದ. ಮೇಜಿನ ಮೇಲಿನ ಗುಂಡಿ ಒತ್ತಿದ. ಅವನ ಧ್ವನಿ ಅವಳು ಹಾಕಿಕೊಂಡಿದ್ದ ಹೆಡ್‌ಫೋನಿನಿಂದ ನೇರವಾಗಿ ಕಿವಿಯೊಳಗೇ ಬಂತು.

"ಬಾಗಿಲು ಸ್ವಲ್ಪ... ಏನು ಮಾಡ್ಬೇಕು?"

"ತೆಗೆದ್ರೆ... ಉಪಕಾರ ಆಗ್ತಿತ್ತು."

ಅವನು ಎದ್ದು ಬಂದು ಬಾಗಿಲು ತೆಗೆದ. ಅವಳ ಕೈಯಲ್ಲಿದ್ದ ಹಿಡಿಕೆ ನೋಡಿ ನಗು ತಡೆದುಕೊಳ್ಳಲು ತುಟಿ ಕಚ್ಚಿಕೊಂಡ.

"ಒಳಗೆ ಸಿಕ್ಕಿಹಾಕ್ಕೊಂಡಿರೋದು ನೀವು. 'ತೆಗೀರಿ' ಅಂತ ಒಂದು ಮಾತು ಹೇಳೋಕೆ ಇಷ್ಟುದ್ದ ಪೀಠಿಕೆನಾ?"

ಅವಳ ಮುಖ ಕೆಂಪೇರಿತು. ಸಿಟ್ಟು ಬರಬೇಕಿತ್ತು. ಆದರೆ ಆ ಕಣ್ಣುಗಳಲ್ಲಿ ಕುಚೋದ್ಯಕ್ಕಿಂತ ಕಾಳಜಿಯೇ ಹೆಚ್ಚಿತ್ತು... ಎದೆ ಯಾಕೋ ಒಮ್ಮೆ ಝಲ್ಲೆಂದಿತು.

ಅವನನ್ನು ಸ್ಟುಡಿಯೋದಲ್ಲಿ ಎಲ್ಲರೂ ಮೀಟರ್ ಎಂದೇ ಕರೆಯುತ್ತಿದ್ದರು. ಸೌಂಡ್ ಇಂಜಿನಿಯರ್. ಅವಳನ್ನು ಮನೆಯಲ್ಲಿ ಪುಟ್ಟಿ ಎನ್ನುತ್ತಿದ್ದರು. ಮೂವತ್ತರ ಹತ್ತಿರ ಬಂದರೂ ಪುಟ್ಟಿಯೇ! ಅವಳನ್ನು ಸಾಕಿದ ಅಕ್ಕನ ಕಣ್ಣಿಗೆ ಅವಳು ಇನ್ನೂ ಜಡೆ ಹೆಣೆಸಿಕೊಳ್ಳುವ ಹುಡುಗಿ.

ಮೊದಲು ಪುಟ್ಟಿ ಒಂದು ಕಂಪನಿಯ ಸಹಾಯವಾಣಿಯಲ್ಲಿದ್ದಳು. ದೂರದ ದೇಶಗಳಿಂದ ಸ್ಪ್ಯಾನಿಷ್ ಮಾತಾಡುವ ಗ್ರಾಹಕರು ಫೋನ್ ಮಾಡಿ ಬಯ್ಯುತ್ತಿದ್ದರು, ಇವಳು ಅದೇ ಭಾಷೆಯಲ್ಲಿ ಕ್ಷಮೆ ಕೇಳುತ್ತಿದ್ದಳು. ಆ ಕೆಲಸ ಹೋಯಿತು, ಭಾಷೆ ಉಳಿಯಿತು. ಈಗ ಭಾಷೆ ಕಲಿಸುವ ಒಂದು ಆ್ಯಪ್‌ಗೆ ಪಾಠಗಳನ್ನು ಓದುವ ಕೆಲಸ. ವಿವರಣೆ ನಮ್ಮ ಭಾಷೆಯಲ್ಲಿ, ಉದಾಹರಣೆ ಸ್ಪ್ಯಾನಿಷ್‌ನಲ್ಲಿ, ಎರಡೂ ಒಂದೇ ಬಾಯಲ್ಲಿ ಬರಬೇಕು.

ಅವಳ ಪಾಲಿಗೆ ಬಂದದ್ದು ನಿಯಮಕ್ಕೆ ಬಗ್ಗದ ಕ್ರಿಯಾಪದಗಳು! ಹುಟ್ಟಿದಾಗಿನಿಂದ ಎಲ್ಲರ ಮಾತಿಗೂ ಬಗ್ಗಿದವಳಿಗೆ ಇಂಥ ಮೊಂಡು ಪದಗಳನ್ನು ಗಂಟುಹಾಕಿದ ಪುಣ್ಯಾತ್ಮರು ಯಾರೋ!

ಮೊದಲ ಪಾಠ ಆಜ್ಞೆಗಳದ್ದು. ಎಂಟೇ ಎಂಟು ಪುಟ್ಟ ಪದಗಳು. ದಿ ಅಂದರೆ ಹೇಳು. ಆಸ್ ಅಂದರೆ ಮಾಡು. ಸಾಲ್ ಅಂದರೆ ಹೊರಗೆ ಹೋಗು. ಬೆನ್ ಅಂದರೆ ಬಾ...

"ಬೆನ್," ಎಂದಳು ಪುಟ್ಟಿ.

ಕಿವಿಯಲ್ಲಿ ಅವನ ಧ್ವನಿ. "ಇನ್ನೊಂದು ಸಲ."

"ಬೆನ್..."

"ಇನ್ನೊಂದು ಸಲ."

ಎಷ್ಟು ಸಲ ಹೇಳಿದರೂ ಅವನು ತಲೆ ಅಲ್ಲಾಡಿಸುತ್ತಲೇ ಇದ್ದ. ಕೊನೆಗೆ ಹೇಳಿದ, "ಉಚ್ಚಾರ ಸರಿ ಇದೆ. ಆದ್ರೆ ಧ್ವನಿ ಕೊನೇಲಿ ಮೇಲಕ್ಕೆ ಹೋಗುತ್ತೆ. ಬಾ ಅಂತ ಕರೆದ ಹಾಗಿಲ್ಲ... ಬರಬಹುದಾ ಅಂತ ಅಪ್ಪಣೆ ಕೇಳಿದ ಹಾಗಿದೆ."

ಅವಳ ಕಣ್ಣು ತುಂಬಿಬಂತು. ನಿಜವೇ ಅಲ್ಲವೇ? ಅವಳು ಯಾರಿಗಾದರೂ, ಯಾವಾಗಲಾದರೂ, ಒಂದು ಮಾತು ಗಟ್ಟಿಯಾಗಿ ಹೇಳಿದ್ದುಂಟೇ?

ಅವನು ಅದನ್ನು ಗಮನಿಸಿದ. "ಪರವಾಗಿಲ್ಲ ಬಿಡಿ. ಆಜ್ಞೆ ಪಾಠ ಕೊನೆಗೆ ಇಟ್ಕೊಳ್ಳೋಣ. ಮೊದಲು ಆಸೆ-ಅನುಮಾನದ ಪಾಠ ಮುಗಿಸೋಣ. ಅದು ನಿಮ್ಮ ಧ್ವನಿಗೆ ಒಪ್ಪುತ್ತೆ."

ಆಸೆ, ಭಯ, ಅನುಮಾನಗಳನ್ನು ಹೇಳುವಾಗ ಆ ಭಾಷೆಯಲ್ಲಿ ಕ್ರಿಯಾಪದ ವೇಷ ಬದಲಿಸುತ್ತದೆ. 'ಬರುತ್ತಾನೆ' ಎನ್ನುವುದು 'ಬರಲಿ' ಆಗುತ್ತದೆ. ವಾಕ್ಯದ ಮೊದಲಿಗೆ 'ಓಹಾಲಾ' ಎಂದು ಸೇರಿಸಿದರೆ ಮುಗಿಯಿತು, ಎದೆಯೊಳಗಿನ ಹಾರೈಕೆಯೆಲ್ಲ ಹೊರಗೆ! ಆ ಪಾಠಗಳನ್ನು ಪುಟ್ಟಿ ಎಷ್ಟು ಚೆನ್ನಾಗಿ ಓದುತ್ತಿದ್ದಳೆಂದರೆ, 'ಇನ್ನೊಂದು ಸಲ' ಎನ್ನುವ ಅವಕಾಶವೇ ಮೀಟರ್‌ಗೆ ಸಿಗುತ್ತಿರಲಿಲ್ಲ. ಹಾರೈಸುವುದರಲ್ಲಿ ಅವಳು ಪಳಗಿದವಳು.

ಪ್ರತಿ ದಿನದ ಕೊನೆಗೆ ಒಂದು ವಿಚಿತ್ರ ಕೆಲಸ ಇರುತ್ತಿತ್ತು.

"ಕೋಣೆಯ ಮೌನ ತಗೋಬೇಕು. ಅಲ್ಲಾಡ್ಬೇಡಿ," ಎನ್ನುತ್ತಿದ್ದ ಅವನು. ಆ ಕೋಣೆಯ ಖಾಲಿ ಸದ್ದನ್ನೂ ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿಕೊಂಡು, ಮಾತುಗಳನ್ನು ಕತ್ತರಿಸಿ ಜೋಡಿಸುವಾಗ ನಡುವೆ ಅಂಟಿಸುತ್ತಾರಂತೆ. ಇಲ್ಲದಿದ್ದರೆ ಕೇಳುವವರಿಗೆ ಹೊಲಿಗೆ ಗೊತ್ತಾಗಿಬಿಡುತ್ತದಂತೆ.

ಗಾಜಿನ ಈಚೆ ಅವಳು, ಆಚೆ ಅವನು. ಮಾತಿಲ್ಲ, ಮಿಸುಕಾಟವಿಲ್ಲ. ಮೊದಮೊದಲು ಅವಳು ಮೈಕ್ ನೋಡುತ್ತಿದ್ದಳು, ಅವನು ಮೀಟರ್ ನೋಡುತ್ತಿದ್ದ. ಆಮೇಲೆ... ಒಬ್ಬರನ್ನೊಬ್ಬರು ನೋಡತೊಡಗಿದರು. ಆ ಇಕ್ಕಟ್ಟಿನ, ಗಾಳಿಯಿಲ್ಲದ ಗೂಡಿನಲ್ಲಿ ಅದೊಂದು ಗಳಿಗೆ ಮಾತ್ರ ಅವಳಿಗೆ ಉಸಿರಾಡಿದಂತೆ ಅನಿಸುತ್ತಿತ್ತು.

'ಇವನ ಕಣ್ಣೂ ಏನೋ ಹೇಳ್ತಿದೆಯಲ್ಲ... ಬಾಯಿ ಯಾಕೆ ಹೇಳಲ್ಲ?'

ಮನೆಗೆ ಹೋದರೆ ಮತ್ತೊಂದು ಗೂಡು.

ಅಕ್ಕ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಇಡೀ ಮನೆಯನ್ನು ಆಳುತ್ತಿದ್ದಳು. "ಪುಟ್ಟಿ, ಕೈ ತೊಳ್ಕೋ. ಊಟ ಮಾಡು. ಆ ಗುಂಡಿಗೆ ಕಾಜಾ ಹಾಕು. ಕಿಟಕಿ ಮುಚ್ಚು, ನೆಗಡಿ ಆಗುತ್ತೆ."

ಆ ದಿನ ಅದೇ ಧಾಟಿಯಲ್ಲಿ ಇನ್ನೊಂದು ಮಾತು ಬಂತು.

"ಭಾನುವಾರ ನಿನ್ನ ಭಾವನ ಕಡೆ ದೊಡ್ಡವರು ಬರ್ತಾರೆ. ನಿನಗೂ ನನ್ನ ಮೈದುನನಿಗೂ ಮದುವೆ ಮಾತು ಪಕ್ಕಾ ಮಾಡ್ತಾರೆ. ಅಣ್ಣ-ತಮ್ಮ, ಅಕ್ಕ-ತಂಗಿ ಎಲ್ಲ ಒಂದೇ ಮನೇಲಿ! ನೀನು ಎಲ್ಲಿಗೂ ಹೋಗ್ಬೇಕಾಗಿಲ್ಲ. ಆ ಪೆಟ್ಟಿಗೆಯೊಳಗೆ ಕೂತು ಕಿರುಚೋ ಕೆಲ್ಸಾನೂ ಬೇಡ. ನನ್ನ ಜೊತೆ ಹೊಲಿಗೆಗೆ ಕೂರು. ಏನಂತೀಯ?"

ಪುಟ್ಟಿಯ ಕೈಯಲ್ಲಿದ್ದ ಸೂಜಿ ಬೆರಳಿಗೆ ಚುಚ್ಚಿತು.

ಅಕ್ಕನ ಮೈದುನ ಕೆಟ್ಟವನಲ್ಲ. ಪಾಪದವನು, ಯಾರ ತಂಟೆಗೂ ಹೋಗದವನು. ಅಕ್ಕನೂ ಕೆಟ್ಟವಳಲ್ಲ, ಅಮ್ಮ ಹೋದ ಮೇಲೆ ತನ್ನ ತುತ್ತನ್ನು ಇವಳ ಬಾಯಿಗಿಟ್ಟವಳು. ಬಯ್ಯುವವರಿದ್ದರೆ ಜಗಳವಾಡಿ ಹೊರಬರಬಹುದು... ಪ್ರೀತಿಯಿಂದಲೇ ಬಾಗಿಲು ಹಾಕಿದರೆ ಯಾರ ಮೇಲೆ ಕೂಗುವುದು?

"ನಿನ್ನಿಷ್ಟ ಅಕ್ಕ," ಎಂದಳು ಪುಟ್ಟಿ. ಬಾಯಿಗೆ ಬಂದದ್ದು ಅಷ್ಟೇ. ಯಾವಾಗಲೂ ಬರುತ್ತಿದ್ದದ್ದೂ ಅಷ್ಟೇ.

ಮರುದಿನ ಪಾಠ ಮುಗಿದು, ಕೋಣೆಯ ಮೌನ ತೆಗೆದುಕೊಳ್ಳುವ ಹೊತ್ತು. ಗಾಜಿನಾಚೆ ಅವನು ಎಂದಿನಂತೆ ಅವಳನ್ನೇ ನೋಡುತ್ತಿದ್ದ. ಭಾನುವಾರ ಹತ್ತಿರ ಬರುತ್ತಿದೆ. ಇನ್ನು ಕೆಲವೇ ದಿನ, ಆಮೇಲೆ ಈ ಗಾಜೂ ಇಲ್ಲ, ಈ ನೋಟವೂ ಇಲ್ಲ... ತಡೆಯಲಾರದೆ ಅವಳ ತುಟಿಗಳು ಅಲುಗಿದವು.

"ಓಹಾಲಾ ಮೆ ದೀಗಾ ಕೆ ನೋ ಮೆ ಬಾಯಾ..."

ಹೋಗಬೇಡ ಅಂತ ಇವನು ನನಗೆ ಹೇಳಲಿ!

ಹೇಳಿಯೇಬಿಟ್ಟಳು! ಸ್ಪ್ಯಾನಿಷ್‌ನಲ್ಲಾದರೇನು? ಇಷ್ಟು ದಿನ ಇದನ್ನೇ ತಾನೇ ಅವನ ಕಿವಿಗೆ ಪಾಠ ಮಾಡಿದ್ದು? ಅವನಿಗೆ ಅರ್ಥವಾಗದೇ ಇರುತ್ತದೆಯೇ?

ಮೀಟರ್ ಒಮ್ಮೆ ಹುಬ್ಬು ಗಂಟಿಕ್ಕಿದ. ಕೈ ಎತ್ತಿ 'ಆಯಿತು' ಎಂದು ಸನ್ನೆ ಮಾಡಿದ, ಅಷ್ಟೇ.

ಮಾರನೆಯ ಬೆಳಿಗ್ಗೆ ಅವನೇ ಎದುರು ಬಂದ. ಅವಳು ಉಸಿರು ಬಿಗಿಹಿಡಿದು ನಿಂತಳು.

"ನಿನ್ನೆ ಮೌನದಲ್ಲಿ ಒಂದು ಸದ್ದು ಬಿದ್ದಿತ್ತು," ಎಂದ ಅವನು ಸಹಜವಾಗಿ. "ನಿಮ್ಮ ಧ್ವನೀನೇ. ತೊಂದರೆ ಇಲ್ಲ, ಅಳಿಸಿಹಾಕಿದೆ."

ಅಳಿಸಿಹಾಕಿದೆ!

'ನನ್ನ ಎದೆಯ ಮಾತು ಇವನಿಗೆ ಸದ್ದು... ತೊಂದರೆ ಇಲ್ಲವಂತೆ... ಅಳಿಸಿದನಂತೆ!'

"ನಾನಿಷ್ಟು ದಿನ ಕಲಿಸಿದ್ದು ಒಂದಕ್ಷರನೂ ಕೇಳಿಸ್ಕೊಂಡಿಲ್ವಾ ನೀವು?" ಎಂದಳು ನಡುಗುವ ಧ್ವನಿಯಲ್ಲಿ.

"ಅಂದ್ರೆ?"

"ಏನಿಲ್ಲ ಬಿಡಿ. ಶನಿವಾರ ಆಜ್ಞೆ ಪಾಠ ಓದಿ ಮುಗಿಸ್ತೀನಿ. ಅದೇ ಕೊನೆ. ಭಾನುವಾರ ನನ್ನ ಮದುವೆ ಮಾತುಕತೆ ಇದೆ."

ಅವನ ಮುಖದ ಬಣ್ಣ ಇಳಿದದ್ದನ್ನು ಅವಳು ನೋಡಲಿಲ್ಲ. ಆಗಲೇ ಬೆನ್ನು ತಿರುಗಿಸಿಯಾಗಿತ್ತು.

ಪಾಪ, ಅವನದೇನು ತಪ್ಪು? ಅವನು ಕೆಲಸ ಕಲಿತದ್ದೇ ಹಾಗೆ. ಅರ್ಥಕ್ಕೆ ಕಿವಿ ಕೊಟ್ಟರೆ ಸದ್ದು ಕೈತಪ್ಪುತ್ತದೆ. ಉಸಿರಿನ ಎಳೆತ, ತುಟಿಯ ಚಪ್ಪರಿಕೆ, ಕುರ್ಚಿಯ ಕಿರುಗುಟ್ಟುವಿಕೆ ಮಾತ್ರ ಕೇಳಬೇಕು, ಮಾತನ್ನು ಕೇಳಬಾರದು. ಇಷ್ಟು ದಿನ ಅವಳ ಒಂದೊಂದು ಉಸಿರನ್ನೂ ಕೇಳಿದ್ದ ಮನುಷ್ಯ, ಅವಳು ಹೇಳಿದ್ದು ಏನೆಂದು ಒಮ್ಮೆಯೂ ಕೇಳಿರಲಿಲ್ಲ!

ಆ ಪ್ರಶ್ನೆ ಅವನನ್ನು ಚುಚ್ಚಿತು. ಮೊದಲ ಸಲ ಅವನು ಮೀಟರಿಗೆ ಬೆನ್ನು ಮಾಡಿ ಕುಳಿತು, ಅವಳ ಪಾಠಗಳನ್ನೆಲ್ಲ ಶಾಲೆಯ ಹುಡುಗನಂತೆ ಕೇಳತೊಡಗಿದ.

'ಓಹಾಲಾ ಎಂದರೆ ಮನಸ್ಸಿನ ಹಾರೈಕೆ,' ಅವಳ ಧ್ವನಿ ಹೇಳುತ್ತಿತ್ತು. 'ದೀಗಾ ಎಂದರೆ ಹೇಳಲಿ. ನೋ ಮೆ ಬಾಯಾ ಎಂದರೆ ನಾನು ಹೋಗದಿರಲಿ...'

ಅವನ ಕೈ ನಿಂತಿತು. ಅಳಿಸಿಹಾಕುವ ಮೊದಲು ಸರಿಯಾಗಿ ಕತ್ತರಿಸಲೆಂದು ಅದೇ ತುಣುಕನ್ನು ಅವನು ಮತ್ತೆ ಮತ್ತೆ ಕೇಳಿದ್ದ. ಒಂದೊಂದು ಅಕ್ಷರವೂ ಕಿವಿಯಲ್ಲಿ ಕೂತಿತ್ತು. ಈಗ ಅವೆಲ್ಲ ಒಟ್ಟಿಗೆ ಬಾಯಿ ಬಿಟ್ಟವು.

"ಅಯ್ಯೋ... ಎಂಥ ಕೆಲಸ ಮಾಡ್ಬಿಟ್ಟೆ ನಾನು!"

ಶನಿವಾರ ಸ್ಟುಡಿಯೋದ ಮೇಡಂ ಸ್ವತಃ ಬಂದು ಮೀಟರ್ ಪಕ್ಕ ಕುಳಿತರು. ಆ್ಯಪ್‌ನವರು ಅವಸರ ಮಾಡುತ್ತಿದ್ದರು. ಪುಟ್ಟಿ ಗೂಡಿನೊಳಗೆ ಹೋದಳು. ಬಾಗಿಲು ಮುಚ್ಚಿತು.

"ದಿ..." "ಆಸ್..." "ಸಾಲ್..."

ಮೇಡಂ ಗುಂಡಿ ಒತ್ತಿದರು. "ಏನಮ್ಮಾ, ಹೊರಗೆ ಹೋಗು ಅಂತ ಹೇಳ್ತಿದೀಯೋ, ಹೋಗ್ಬೇಡ ಅಂತ ಕಾಲು ಹಿಡೀತಿದೀಯೋ? ಇವತ್ತು ಆಗ್ಲಿಲ್ಲಾಂದ್ರೆ ಬೇರೆಯವರನ್ನ ಕರೆಸ್ತೀನಿ."

ಅಷ್ಟರಲ್ಲಿ ಅವರಿಗೆ ಫೋನ್ ಬಂತು, ಎದ್ದು ಹೊರಗೆ ಹೋದರು.

ಗೂಡಿನಲ್ಲಿ ಅವಳು ತಲೆ ತಗ್ಗಿಸಿ ಕುಳಿತಿದ್ದಳು. ಸ್ಪಂಜಿನ ಗೋಡೆಗಳು ಹತ್ತಿರ ಹತ್ತಿರ ಬಂದಂತೆ... ನಾಳೆ ಭಾನುವಾರ. ನಾಳೆಯ ನಂತರ ಎಲ್ಲವೂ ಮುಚ್ಚಿಹೋಗುತ್ತದೆ.

ಕಿವಿಯಲ್ಲಿ ಗುಂಡಿಯ ಸದ್ದು. ತಡವರಿಸುವ ಧ್ವನಿ.

"ನೋ... ತೆ... ಬಾಯಾಸ್."

ಅವಳು ಗಕ್ಕನೆ ತಲೆ ಎತ್ತಿದಳು. "ಏನಂದ್ರಿ?"

"ಹೋಗ್ಬೇಡ ಅಂದೆ. ನೀವೇ ಕಲಿಸಿದ್ದು. ನಿನ್ನೆ ಇಡೀ ದಿನ ಕೂತು ಕಲಿತೆ." ಅವನ ಕಣ್ಣು ಒದ್ದೆಯಾಗಿತ್ತು. "ಅವತ್ತು ನಾನು ಬರೀ ಸದ್ದು ಕೇಳಿದ್ದೆ, ಮಾತು ಕೇಳಿರ್ಲಿಲ್ಲ. ಗೊತ್ತಿದ್ರೆ ಅಳಿಸ್ತಿದ್ನಾ? ಆ ಮೌನದ ಹೊತ್ತಿಗೋಸ್ಕರಾನೇ ನಾನು ದಿನಾ ಕೆಲಸಕ್ಕೆ ಬರ್ತಿದ್ದೆ. ಸಾಕಷ್ಟು ಮೌನ ಯಾವತ್ತೋ ಸಿಕ್ಕಿತ್ತು... ಆದ್ರೂ ತಗೊಳ್ತಾನೇ ಇದ್ದೆ."

ಅವಳ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಅವಳು ಕೇಳಬಯಸಿದ್ದು ಇದನ್ನೇ. ಇದೇ ಮಾತನ್ನು! ಆದರೆ ಸಂತೋಷದ ಜೊತೆಗೇ ಎಲ್ಲಿಂದಲೋ ಒಂದು ಕೋಪ ಉಕ್ಕಿಬಂತು. ಅವನ ಮೇಲಲ್ಲ... ತನ್ನ ಮೇಲೆ.

'ಯಾರೋ ಬಂದು ಹೋಗಬೇಡ ಅನ್ನಲಿ ಅಂತ ಕಾಯ್ತಾ ಕೂತಿದ್ದೆನಲ್ಲ! ಹೋಗಲ್ಲ ಅಂತ ನಾನೇ ಯಾಕೆ ಹೇಳಲಿಲ್ಲ? ಅಕ್ಕ ಏನಂತೀಯ ಅಂತ ಕೇಳಿದಾಗ ನನ್ನ ನಾಲಿಗೆ ಎಲ್ಲಿ ಹೋಗಿತ್ತು?'

ಅವಳು ಎದ್ದಳು. ಬಾಗಿಲಿಗೆ ಕೈ ಹಾಕಿದಳು.

ಹಿಡಿಕೆ ಕೈಗೇ ಬಂತು!

ಅವನು ಧಡಕ್ಕನೆ ಕುರ್ಚಿಯಿಂದ ಎದ್ದ. ಅವಳು ಮೈಕಿನ ಮುಂದೆ ಬಂದು ನಿಂತಳು.

"ಕೂತ್ಕೊಳ್ಳಿ. ರೆಕಾರ್ಡ್ ಹಾಕಿ."

"ಬಾಗಿಲು...?"

"ಬಾಗಿಲು ಆಮೇಲೆ. ಮೊದಲು ರೆಕಾರ್ಡ್."

ಅವನು ಬೆಪ್ಪಾಗಿ ಕುಳಿತ. ಕೆಂಪು ದೀಪ ಹತ್ತಿತು. ಕೈಯಲ್ಲಿ ಹಿಡಿಕೆ, ಕೆನ್ನೆಯ ಮೇಲೆ ಕಣ್ಣೀರು, ಬೆನ್ನು ನೆಟ್ಟಗೆ. ದಿ! ಆಸ್! ಬೆ! ಪೋನ್! ಸಾಲ್! ಸೆ! ತೆನ್! ಬೆನ್! ಹೇಳು, ಮಾಡು, ಹೋಗು, ಇಡು, ಹೊರಗೆ ಹೋಗು, ಆಗು, ಹಿಡಿ, ಬಾ! ಮೀಟರಿನ ಮುಳ್ಳು ಒಂದೊಂದಕ್ಕೂ ನೆಗೆದು ಬಿತ್ತು.

ಫೋನ್ ಮುಗಿಸಿ ಬಂದ ಮೇಡಂ ಬಾಗಿಲಲ್ಲೇ ನಿಂತುಬಿಟ್ಟರು. "ಇವಳಿಗೆ ಏನು ಕುಡಿಸಿದ್ಯೋ ಮೀಟರ್?"

"ಈಗ ಬಾಗಿಲು ತೆಗೀರಿ!" ಎಂದಳು ಪುಟ್ಟಿ.

ಅವನು ಓಡಿಬಂದು ತೆಗೆದ. ಅವಳು ಹಿಡಿಕೆಯನ್ನು ಅವನ ಕೈಗೆ ತುರುಕಿ ಹೊರಟೇಬಿಟ್ಟಳು.

"ಕೋಣೆಯ ಮೌನ ತಗೋಬೇಕಿತ್ತು..." ಎಂದ ಅವನು ಗೊಂದಲದಲ್ಲಿ.

"ಇವತ್ತು ಮೌನ ಇಲ್ಲ!"

ಬೀದಿಯುದ್ದಕ್ಕೂ ಅವಳು ನಡೆಯಲಿಲ್ಲ, ಓಡಿದಳು. ನಿಂತರೆ ಎಲ್ಲಿ ಧೈರ್ಯ ಆರಿಹೋಗುತ್ತದೋ ಎಂಬ ಭಯ. ಮನೆಯ ಬಾಗಿಲಲ್ಲೇ ಮೆಷಿನ್ ಸದ್ದು. ಅಕ್ಕ ನಾಳೆಗೆಂದು ಪುಟ್ಟಿಯ ಹೊಸ ಬಟ್ಟೆಯನ್ನೇ ಹೊಲಿಯುತ್ತಿದ್ದಳು. ಅದನ್ನು ಕಂಡು ಪುಟ್ಟಿ ಅರೆಗಳಿಗೆ ಹೊಸ್ತಿಲಲ್ಲೇ ನಿಂತಳು.

"ಅಕ್ಕ, ಮೆಷಿನ್ ನಿಲ್ಸು."

"ಇರೇ, ಈ ಅಂಚೊಂದು..."

"ನಿಲ್ಸು! ಬಾಯಿಂದ ಪಿನ್ನು ತೆಗಿ. ನನ್ನ ಮುಖ ನೋಡು. ನಾನು ಹೇಳೋದು ಪೂರ್ತಿ ಕೇಳು."

ಮೆಷಿನ್ ನಿಂತಿತು. ಅಕ್ಕ ಒಂದೊಂದೇ ಪಿನ್ನು ತೆಗೆದು ಡಬ್ಬಿಗೆ ಹಾಕಿದಳು. ಕಣ್ಣು ಮಾತ್ರ ತಂಗಿಯ ಮೇಲೇ ಇತ್ತು.

"ಈ ಮದುವೆ ನನಗೆ ಬೇಡ ಅಕ್ಕ. ನಿನ್ನ ಮೈದುನ ಒಳ್ಳೆಯವನೇ, ಆದ್ರೆ ಅವನನ್ನ ಕಂಡ್ರೆ ನನಗೆ ಏನೂ ಅನ್ಸಲ್ಲ. ನಾನು ಇನ್ನೊಬ್ಬರನ್ನ ಇಷ್ಟಪಡ್ತೀನಿ. ಆ ಕೆಲ್ಸಾನೂ ಬಿಡಲ್ಲ."

ಅಕ್ಕನ ತುಟಿ ಅದುರಿತು.

"ಈಗ ಹೇಳ್ತಿದೀಯಲ್ಲೇ ಮಹರಾಯ್ತಿ! ಏನಂತೀಯ, ಏನಂತೀಯ ಅಂತ ಎಷ್ಟು ಸಲ ಕೇಳಿದೆ ನಿನ್ನ? ನಿನ್ನಿಷ್ಟ ಅಂದ್ಯಲ್ಲ! ಅವನನ್ನ ಕೇಳಿದ್ರೆ ಅವನೂ ನಿಮ್ಮಿಷ್ಟ ಅತ್ತಿಗೆ ಅಂತಾನೆ. ಇಬ್ಬರೂ ಸೇರ್ಕೊಂಡು ನನ್ನನ್ನ ರಾಕ್ಷಸಿ ಮಾಡ್ಬಿಟ್ರಿ!"

"ಅಕ್ಕ..."

"ನನಗೆ ಭಯ ಕಣೇ." ಅಕ್ಕನ ಧ್ವನಿ ಮೊದಲ ಸಲ ಸಣ್ಣದಾಯಿತು. "ಇಷ್ಟು ವರ್ಷ ಆದ್ರೂ ಇದು ನಿನ್ನ ಭಾವನ ಮನೆ. ಇಲ್ಲಿ ನನ್ನೋರು ಅಂತ ಇರೋದು ನೀನೊಬ್ಳೇ. ನೀನೂ ಹೊರಟುಹೋದ್ರೆ..."

ಪುಟ್ಟಿ ಮಂಡಿಯೂರಿ ಅಕ್ಕನ ಮಡಿಲಲ್ಲಿ ಮುಖವಿಟ್ಟಳು. ತಾನೊಬ್ಬಳೇ ಗೂಡಿನಲ್ಲಿದ್ದೇನೆ ಎಂದುಕೊಂಡಿದ್ದಳಲ್ಲ! ಪಕ್ಕದ ಗೂಡಿನಲ್ಲಿ ಅಕ್ಕನೂ ಇದ್ದಳು, ಇಬ್ಬರೂ ಗೋಡೆ ತಟ್ಟಿರಲಿಲ್ಲ.

"ನಾನು ಎಲ್ಲೇ ಇದ್ರೂ ನಿನ್ನೋಳೇ. ಕರೆದ್ರೆ ಓಡಿ ಬರ್ತೀನಿ. ಬಾ ಅಂತ ಗದರಿಸು ಸಾಕು."

"ಗದರಿಸೋದನ್ನ ನೀನೂ ಕಲಿತ್ಬಿಟ್ಯಲ್ಲ," ಎಂದು ಅಕ್ಕ ಅಳುತ್ತಲೇ ನಕ್ಕು ಮೂಗೊರೆಸಿಕೊಂಡಳು. "ಭಾನುವಾರದ ವಿಷಯ ನಿನ್ನ ಭಾವನ ಹತ್ರ ನಾನು ಮಾತಾಡ್ತೀನಿ. ಮೈದುನ ಅಂತೂ ಬದುಕ್ದೆ ಅಂತ ಕುಣೀತಾನೆ. ಅದಿರ್ಲಿ... ಆಗಿನಿಂದ ಹೊರಗೆ ಯಾರೋ ನಿಂತಿದಾರಲ್ಲ, ಯಾರದು? ಬಟ್ಟೆ ಹೊಲಿಸೋಕೆ ಬಂದ ಹಾಗಿಲ್ಲ."

ಪುಟ್ಟಿ ತಿರುಗಿ ನೋಡಿದಳು.

ಹೊಸ್ತಿಲಾಚೆ ಮೀಟರ್ ನಿಂತಿದ್ದ. ಅವಳ ಬೆನ್ನಿಗೇ ಓಡಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ. ಒಂದು ಕೈಯಲ್ಲಿ ಅವಳು ಬಿಟ್ಟುಬಂದ ಬ್ಯಾಗು. ಇನ್ನೊಂದು ಕೈಯಲ್ಲಿ... ಆ ಬಾಗಿಲಿನ ಹಿಡಿಕೆ!

"ನಿಮ್ಮ ಬ್ಯಾಗು..." ಎಂದ. ಆಮೇಲೆ ತನ್ನ ಕೈಯನ್ನು ತಾನೇ ನೋಡಿಕೊಂಡು ಗಾಬರಿಯಾದ. "ಇದು... ಇದನ್ನ ಯಾಕೆ ತಂದೆ ಅಂತ ಗೊತ್ತಾಗ್ತಿಲ್ಲ."

ಅಕ್ಕ ತಂಗಿಯ ಕಿವಿಯಲ್ಲಿ ಪಿಸುಗುಟ್ಟಿದಳು. "ಇವನೇನಾ? ಹೆಣ್ಣು ಕೇಳೋಕೆ ಬರೋರು ಹಿಡಿಕೆ ಹಿಡ್ಕೊಂಡು ಬಂದದ್ದು ಇದೇ ಮೊದಲು ನೋಡ್ತಿರೋದು!"

ಅವನು ಹೊಸ್ತಿಲು ದಾಟಲಿಲ್ಲ. "ಎಲ್ಲಾ ಕೇಳಿಸ್ತು. ಈ ಸಲ ಮಾತೂ ಕೇಳಿಸ್ತು. ನಾನು... ಒಳಗೆ ಬರಬಹುದಾ?"

ಈಗ ಅಪ್ಪಣೆ ಕೇಳುವ ಸರದಿ ಅವನದ್ದು!

ಪುಟ್ಟಿ ಕಣ್ಣೊರೆಸಿಕೊಂಡು ನೆಟ್ಟಗೆ ನಿಂತಳು. ಅವನನ್ನು ಇದುವರೆಗೆ 'ನೀವು' ಬಿಟ್ಟು ಬೇರೆ ಹೇಗೂ ಕರೆದಿರಲಿಲ್ಲ. ನಾಲಿಗೆಯ ತುದಿಗೆ ಬಂದ 'ಬನ್ನಿ'ಯನ್ನು ನುಂಗಿಕೊಂಡಳು.

"ಬಾ."

ಧ್ವನಿ ಮೇಲಕ್ಕೆ ಹೋಗಲಿಲ್ಲ, ನಡುಗಲೂ ಇಲ್ಲ.

ಅವನ ಮುಖವೆಲ್ಲ ನಗುವಾಯಿತು. ಆದರೂ ಹೊಸ್ತಿಲ ಮೇಲೇ ನಿಂತು ಮೆಲ್ಲಗೆ ಹೇಳಿದ, "ಇನ್ನೊಂದು ಸಲ."

"ಯಾಕೆ? ಸರಿಯಾಗಿ ಬರ್ಲಿಲ್ವಾ?"

"ಬಂತು. ಒಂದೇ ಟೇಕಿಗೆ ಓಕೆ." ಅವನು ಬ್ಯಾಗನ್ನೂ ಹಿಡಿಕೆಯನ್ನೂ ಎದೆಗೆ ಒತ್ತಿಕೊಂಡ. "ಇದು ಪಾಠಕ್ಕಲ್ಲ... ನನಗೆ."

"ಬಾ," ಎಂದಳು ಪುಟ್ಟಿ.

ಅವನು ಒಳಗೆ ಬಂದ.